ಎಎಲ್‌ಡಿಎಚ್2 ಕಿಣ್ವ 18ನೇ ಅಮೈನೋ ಆಮ್ಲದಿಂದ ಶುರುವಾಗುವುದೇಕೆ?
ವಯಲ್‌ನಲ್ಲಿ ಬಂದಿರುವ ಎಎಲ್‌ಡಿಎಚ್2 (ಅಸಿಟಾಲ್ಡಿಹೈಡನ್ನು ಆಕ್ಸಿಡೀಕರಿಸುವ ಕಿಣ್ವ) 18ರಿಂದ ಶುರುವಾಗುತ್ತದಲ್ಲ, ಅದು ತುಂಡಾದ ಪ್ರೋಟೀನಾ, ಹೆಪ್ಪುಗಟ್ಟಿದ್ದನ್ನು ಎರಡು ಸಲ ಕರಗಿಸಿದ ಮೇಲೆ ಚಟುವಟಿಕೆ ಯಾಕೆ ಕುಸಿಯಿತು ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಚಿಂತೆ ಬೇಡ. ಆರಂಭದ 17 ಅಮೈನೋ ಆಮ್ಲಗಳು ಕಿಣ್ವವನ್ನು ಮೈಟೊಕಾಂಡ್ರಿಯಾಕ್ಕೆ ತಲುಪಿಸುವ ವಿಳಾಸಚೀಟಿ; ಒಳಹೊಕ್ಕ ಮೇಲೆ ಜೀವಕೋಶವೇ ಅದನ್ನು ಕತ್ತರಿಸಿಹಾಕುತ್ತದೆ. ಉಳಿದ 500ರದ್ದೇ ಪಕ್ವ ರೂಪ. ಹಾಗಾಗಿಯೇ ಪ್ರಬಂಧಗಳಲ್ಲಿ 302ನೇ ಸ್ಥಾನದ್ದು ಎನ್ನುವ ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ) ಪೂರ್ಣ ಸರಣಿಯಲ್ಲಿ 319 ಆಗಿರುತ್ತದೆ.

ಚಟುವಟಿಕೆಯ ವಿಷಯದಲ್ಲಿ ನನ್ನ ಅನುಮಾನ ಆ ಸಿಸ್ಟೀನ್ ಮೇಲೇ. ಕ್ರಿಯೆ ನಡೆಸುವುದು ಅದು. ಆಕ್ಸಿಡೀಕರಣಗೊಂಡರೆ ಕಿಣ್ವ ಕೆಲಸಕ್ಕೆ ಬಾರದು. ಬಫರಿಗೆ ಅವತ್ತೇ ಕರಗಿಸಿದ ಡಿಟಿಟಿ (ಸಿಸ್ಟೀನ್ ಆಕ್ಸಿಡೀಕರಣವಾಗದಂತೆ ಕಾಯುವ ರಾಸಾಯನಿಕ) ಹಾಕಿ. ಹೊಸ ವಯಲನ್ನು ಬಂದ ದಿನವೇ ಸಣ್ಣ ಪಾಲು ಮಾಡಿ −80 ಡಿಗ್ರಿಯಲ್ಲಿಡಿ. ಅಸಿಟಾಲ್ಡಿಹೈಡ್, ಎನ್‌ಎಡಿ (ಕಿಣ್ವಕ್ಕೆ ಬೇಕಾದ ಸಹಕಿಣ್ವ) ಕೊಟ್ಟು 340 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಏರುವುದು, ಅಂದರೆ ಕಿಣ್ವ ಕೆಲಸ ಮಾಡುತ್ತಿರುವುದು, ಕಾಣುವವರೆಗೂ ದಯವಿಟ್ಟು ಇನ್‌ಹಿಬಿಟರ್ (ಕಿಣ್ವವನ್ನು ತಡೆಯುವ ವಸ್ತು) ಪರೀಕ್ಷೆಗೆ ಕೈಹಾಕಬೇಡಿ.