ಈಗಿನ ಕಾರುಗಳು ಡಿಕ್ಕಿಯಾದಾಗ ಡ್ರೈವರನ್ನು ನಿಜವಾಗಿ ಕಾಪಾಡುತ್ತವೆಯೇ?

ನೀವು ಕೇಳಿದ್ದು ಇಷ್ಟು: ಹಳೆ ಕಾರುಗಳ ತಗಡು ದಪ್ಪ, ಏನಾದರೂ ತಗಲಿದರೆ ಬಂಪರ್ ಸ್ವಲ್ಪ ಬಗ್ಗುತ್ತಿತ್ತು ಅಷ್ಟೆ. ಈಗಿನವುಗಳ ಮೂತಿ ಒಂದೇ ಡಿಕ್ಕಿಗೆ ಮುದ್ದೆಯಾಗುತ್ತದೆ. ಹಾಗಿದ್ದರೆ ಇವು ಡ್ರೈವರನ್ನು ಹೇಗೆ ಕಾಪಾಡುತ್ತವೆ, ಐದು ಸ್ಟಾರ್ ಅಂದರೆ ಏನು, ಹಳೆ ಗಟ್ಟಿ ಕಾರನ್ನೇ ಇಟ್ಟುಕೊಳ್ಳಲಾ ಅಥವಾ ಸೆಕೆಂಡ್ ಹ್ಯಾಂಡಿನಲ್ಲಿ ಇತ್ತೀಚಿನದೊಂದು ತಗೊಳ್ಳಲಾ?

ಇತ್ತೀಚಿನದನ್ನು ತಗೊಳ್ಳಿ. ಈಗಿನ ಕಾರುಗಳು ಕಾಪಾಡುತ್ತವೆ, ಹಳೆಯವಕ್ಕಿಂತ ಎಷ್ಟೋ ಚೆನ್ನಾಗಿ ಕಾಪಾಡುತ್ತವೆ. ಆದರೆ ಅದು ಒಂದು ವೇಗದವರೆಗೆ ಮಾತ್ರ. ಜೊತೆಗೆ, ಕಾರನ್ನು ಮಾಡಿದವರು ನೀವು ಎಲ್ಲಿ, ಹೇಗೆ ಕೂತಿರುತ್ತೀರಿ ಅಂತ ಅಂದುಕೊಂಡಿದ್ದಾರೋ ಹಾಗೇ ಕೂತಿರಬೇಕು. ಈ ಎರಡು ಷರತ್ತನ್ನು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಅಪಘಾತವಾದ ಗಾಡಿಗಳನ್ನು ನೋಡಿ ನಷ್ಟದ ಅಂದಾಜು ಹಾಕುವುದು ನನ್ನ ಕೆಲಸ. ಮೂತಿ ಗುರುತೇ ಸಿಗದ ಹಾಗೆ ಮುದುಡಿದೆ, ಎಂಜಿನ್ ಕೆಳಗೆ ಜಾರಿದೆ, ಆದರೆ ಡ್ರೈವರ್ ಬಾಗಿಲು ಕೈಯಲ್ಲೇ ತೆರೆಯುತ್ತದೆ ಅಂದರೆ ನನಗೆ ಸಮಾಧಾನ. ಒಳಗಿದ್ದವರು ನಡೆದು ಹೊರಗೆ ಬಂದಿರುವ ಸಾಧ್ಯತೆ ಜಾಸ್ತಿ. ಬಾನೆಟ್ ಅಷ್ಟೇನೂ ಹಾಳಾಗಿಲ್ಲ, ಆದರೆ ಬಾಗಿಲಿನ ಚೌಕಟ್ಟು ವಾರೆಯಾಗಿ ಜಾಮ್ ಆಗಿದೆ ಅಂದರೆ ಒಳಗೆ ಇಣುಕುವುದಕ್ಕೇ ಹೆದರಿಕೆಯಾಗುತ್ತದೆ. ಹೊರಗೆ ಎಷ್ಟು ಜಖಂ ಅಂತ ನೋಡಿ ಕಾರಿನ ಗುಣ ಅಳೆಯುವ ಅಭ್ಯಾಸವನ್ನು ಮೊದಲು ಬಿಡಬೇಕು.

ಗಂಟೆಗೆ 50 ಕಿಮೀ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಈ ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ನೆಲಕ್ಕೆ ಬೀಳುವುದೂ ಒಂದೇ. ಆ ವೇಗ ಸೊನ್ನೆಗೆ ಬರಲು ನಿಮ್ಮ ದೇಹಕ್ಕೆ ಎಷ್ಟು ದೂರ ಸಿಗುತ್ತದೆ ಅನ್ನುವುದರ ಮೇಲೆ ಬದುಕು ನಿಂತಿರುತ್ತದೆ. ಮೂತಿ 60 ಸೆಂಟಿಮೀಟರ್ ಮುದುಡಿತು, ನೀವು ಬೆಲ್ಟ್ ಹಾಕಿದ್ದರಿಂದ ಕಾರಿನ ಜೊತೆಗೇ ನಿಧಾನವಾದಿರಿ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಮೈಮೇಲೆ ಸರಾಸರಿ 16 ಜಿ ಬೀಳುತ್ತದೆ, ಅಂದರೆ ನಿಮ್ಮ ತೂಕದ 16 ಪಟ್ಟು. ಅದೇ ಮೂತಿ ತುಂಬಾ ಗಟ್ಟಿಯಾಗಿದ್ದು 5 ಸೆಂಟಿಮೀಟರ್ ಮಾತ್ರ ಮುದುಡಿದರೆ ಅದು 200 ಜಿ ಹತ್ತಿರ ಹೋಗುತ್ತದೆ. 1954ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ರಾಕೆಟ್ ಸ್ಲೆಡ್ ಮೇಲೆ, ಅಂದರೆ ರಾಕೆಟ್ ತಳ್ಳುವ ಗಾಡಿಯ ಮೇಲೆ, ತಮ್ಮನ್ನೇ ಬಿಗಿಯಾಗಿ ಕಟ್ಟಿಕೊಂಡು ಕೂತು, 46 ಜಿ ತಡೆದುಕೊಂಡು ಬದುಕಿ ಬಂದರು. 200 ಜಿ ತಡೆದುಕೊಂಡು ಬದುಕುವುದು ತೀರಾ ಅಪರೂಪ. ಹಾಗಾಗಿ ನೀವು ಹೇಳುವ ಆ ಗಟ್ಟಿ ಮೂತಿ ತನ್ನನ್ನು ಉಳಿಸಿಕೊಂಡು ಪೆಟ್ಟನ್ನು ಪೂರ್ತಿ ಒಳಗಿರುವವರಿಗೆ ದಾಟಿಸುತ್ತಿತ್ತು.

ಇದನ್ನು ಮೊದಲು ಸರಿಯಾಗಿ ಹಿಡಿದವರು ಮರ್ಸಿಡಿಸ್-ಬೆಂಜ್‌ನ ಎಂಜಿನಿಯರ್ ಬೇಲಾ ಬಾರೆನಿ. ಕಾರನ್ನು ಮೂರು ಭಾಗ ಮಾಡಿ, ನಡುವಿನ ಕ್ಯಾಬಿನ್ ಅಲುಗಬಾರದು, ಮುಂದೆ ಹಿಂದೆ ಬೇಕಂತಲೇ ಮುದುಡಬೇಕು ಅನ್ನುವ ಅವರ ಪೇಟೆಂಟ್ 1950ರ ದಶಕದ ಶುರುವಿನದು. 1959ರಲ್ಲಿ ಅದು ರಸ್ತೆಗೆ ಬಂತು. ಈಗ ಎಲ್ಲ ಕಾರುಗಳೂ ಇದೇ ದಾರಿ. ಮುಂದಿನ ಉದ್ದನೆ ತೊಲೆಗಳು ಎಲ್ಲಿ, ಯಾವ ಕ್ರಮದಲ್ಲಿ ಮಡಚಿಕೊಳ್ಳಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಕ್ಯಾಬಿನ್ನಿನ ಕಂಬಗಳಿಗೆ ಮಾತ್ರ ಕಾಯಿಸಿ ಒತ್ತಿದ ಬೋರಾನ್ ಉಕ್ಕು ಹಾಕುತ್ತಾರೆ, ಅದು ಮಾಮೂಲಿ ತಗಡಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಇದು ಎಷ್ಟು ಗಟ್ಟಿ ಅಂದರೆ, ಒಳಗೆ ಸಿಕ್ಕಿಕೊಂಡವರನ್ನು ಬಿಡಿಸುವ ಸಿಬ್ಬಂದಿಯ ಹಳೆ ಕಟರ್‌ಗಳು ಈ ಕಂಬಗಳನ್ನು ಕತ್ತರಿಸಲು ಒದ್ದಾಡುತ್ತವೆ. ಅಂದರೆ ದಪ್ಪ, ಗಟ್ಟಿ ಅಂತ ನೀವು ಹುಡುಕುವುದು ಈಗಿನ ಕಾರಿನಲ್ಲೂ ಇದೆ, ಬಾನೆಟ್ಟಿನಲ್ಲಿ ಇಲ್ಲ ಅಷ್ಟೆ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆಯ ವಿಡಿಯೊ ನೋಡಿ. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಲ್ಲಿ ನಡೆಯುವ ಐಐಎಚ್‌ಎಸ್ ಅನ್ನುವ ರಸ್ತೆ ಸುರಕ್ಷತಾ ಸಂಸ್ಥೆ ತನ್ನ 50ನೇ ವರ್ಷಕ್ಕೆ, 2009ರಲ್ಲಿ, 1959ರ ಶೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಶೆವ್ರೊಲೆ ಮಾಲಿಬುವನ್ನೂ ಎದುರುಬದುರು ತಂದು ಗುದ್ದಿಸಿತು. ಎರಡರ ವೇಗವೂ ಗಂಟೆಗೆ ಸುಮಾರು 64 ಕಿಮೀ. ಬೆಲ್ ಏರ್‌ನ ಕ್ಯಾಬಿನ್ ಕುಸಿದು, ಡ್ಯಾಶ್‌ಬೋರ್ಡು ಸ್ಟೀರಿಂಗು ಡಮ್ಮಿಯ, ಅಂದರೆ ಮನುಷ್ಯನ ಬದಲು ಕೂರಿಸಿದ ಗೊಂಬೆಯ, ಮೇಲೇ ಬಂತು. ಅಲ್ಲಿ ಮನುಷ್ಯ ಕೂತಿದ್ದರೆ ಬದುಕುವುದು ಕಷ್ಟವಿತ್ತು. ಮಾಲಿಬುವಿನ ಮೂತಿ ಪೂರ್ತಿ ಹೋಯಿತು, ಕ್ಯಾಬಿನ್ ಹಾಗೇ ನಿಂತಿತು, ಡಮ್ಮಿಗೆ ಕಾಲಿನ ಗಾಯದ ಸಾಧ್ಯತೆ ಮಾತ್ರ ಕಂಡಿತು. ಹಳೆ ಕಾರಿನಲ್ಲಿ ಇನ್ನೊಂದು ಭಯಂಕರ ವಿಷಯವೂ ಇತ್ತು, ಸ್ಟೀರಿಂಗ್ ರಾಡು. ಅದು ಮುಂದಿನಿಂದ ನೇರ ಡ್ರೈವರ್ ಎದೆಗೆ ಗುರಿಯಿಟ್ಟ ಕಬ್ಬಿಣದ ಸರಳು. ಒತ್ತಿದರೆ ಒಳಗೆ ಕುಗ್ಗುವ ರಾಡು ಅಮೆರಿಕದಲ್ಲಿ ಕಡ್ಡಾಯವಾಗಿದ್ದೇ 1968ರಲ್ಲಿ.

ಇನ್ನು ಬೆಲ್ಟು, ಏರ್‌ಬ್ಯಾಗು. ಕಾರು ನಿಂತರೂ ನಿಮ್ಮ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ, ದೇಹ ನಿಂತ ಮೇಲೂ ಒಳಗಿನ ಅಂಗಗಳು ಹೋಗುತ್ತಿರುತ್ತವೆ. ಮೂತಿ ಮುದುಡಿ ಸಿಕ್ಕ ಆ 60 ಸೆಂಟಿಮೀಟರಿನ ಲಾಭ ನಿಮಗೆ ಬರಬೇಕಾದರೆ ನೀವು ಕಾರಿಗೆ ಅಂಟಿಕೊಂಡಿರಬೇಕು. ಆ ಕೆಲಸ ಬೆಲ್ಟಿನದು. 1959ರಲ್ಲಿ ವೋಲ್ವೋದಲ್ಲಿ ಮೂರು ಕಡೆ ಹಿಡಿಯುವ ಬೆಲ್ಟನ್ನು ಕೊಟ್ಟವರು ನಿಲ್ಸ್ ಬೋಲಿನ್. ಅದಕ್ಕೂ ಮುಂಚೆ ಅವರು ವಿಮಾನದಿಂದ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಸೀಟುಗಳ ಮೇಲೆ ಕೆಲಸ ಮಾಡಿದ್ದರು. ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು, ಅದಕ್ಕೆ ನಾನು ಯಾವತ್ತೂ ಋಣಿ. ಅಮೆರಿಕದ ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ, ಮುಂದಿನ ಸೀಟಿನವರು ಬೆಲ್ಟ್ ಹಾಕಿದರೆ ಸಾಯುವ ಅಪಾಯ ಶೇ 45ರಷ್ಟು ಇಳಿಯುತ್ತದೆ. ಸುಮ್ನೆ ಹೆಗಲಮೇಲೆ ಎಳೆದುಕೊಳ್ಳುವ ಒಂದು ಪಟ್ಟಿಗೆ ಇಷ್ಟು ಶಕ್ತಿ!

ಈಗಿನ ಬೆಲ್ಟು ಇನ್ನೂ ಜಾಣ. ಡಿಕ್ಕಿಯಾದ ಕೂಡಲೇ ಸಣ್ಣ ಸಿಡಿಮದ್ದು ಸಿಡಿದು ಬೆಲ್ಟನ್ನು ಎಳೆದು ಬಿಗಿ ಮಾಡುತ್ತದೆ. ಆಮೇಲೆ ಎಳೆತ ಜಾಸ್ತಿಯಾದರೆ ಪಕ್ಕೆಲುಬು ಮುರಿಯದ ಹಾಗೆ ಸ್ವಲ್ಪ ಸಡಿಲ ಬಿಡುತ್ತದೆ. ಅಷ್ಟರಲ್ಲಿ, ಸುಮಾರು 30ರಿಂದ 50 ಮಿಲಿಸೆಕೆಂಡಿನೊಳಗೆ, ಏರ್‌ಬ್ಯಾಗ್ ಉಬ್ಬಿ ನಿಂತಿರುತ್ತದೆ. ನೀವು ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಹೀಗೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ನಡೆಯುವಾಗ ಬೆಲ್ಟ್ ಇಲ್ಲದೆ ಕೂತವರು ಏರ್‌ಬ್ಯಾಗ್ ಇನ್ನೂ ಉಬ್ಬುತ್ತಿರುವಾಗಲೇ ಅದರ ಮೇಲೆ ಹೋಗಿ ಬೀಳಬಹುದು. ಆಗ ಅದೇ ಗುದ್ದುತ್ತದೆ. ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಯಾಕೆ ಅನ್ನುವವರಿಗೆ ದಯವಿಟ್ಟು ಇದನ್ನು ಹೇಳಿ.

ಈಗ ಸ್ಟಾರ್ ವಿಷಯ. ಕಾರನ್ನು ಬೇಕಂತಲೇ ಗುದ್ದಿಸಿ ನೋಡಿ ಪರೀಕ್ಷಾ ಸಂಸ್ಥೆಗಳು ಕೊಡುವ ಸುರಕ್ಷತೆಯ ಅಂಕ ಅದು, ಐದು ಅಂದರೆ ಎಲ್ಲಕ್ಕಿಂತ ಹೆಚ್ಚು. ಸ್ಟಾರ್ ನೋಡುವಾಗ ವರ್ಷವನ್ನೂ ನೋಡಿ. ಫಿಯೆಟ್ ಪುಂಟೋ 2005ರಲ್ಲಿ ಯುರೋಪಿನ ಕಾರು ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್‌ನಿಂದ ಐದು ಸ್ಟಾರ್ ಪಡೆಯಿತು, 2017ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಸೊನ್ನೆ. ಕಾರು ಕೆಟ್ಟದ್ದಾಗಿ ಬದಲಾಗಲಿಲ್ಲ, ಪರೀಕ್ಷೆ ಮುಂದೆ ಹೋಗಿತ್ತು. ಇನ್ನೊಂದು, ಕಂಪನಿಗಳು ಪರೀಕ್ಷೆಗೆ ಓದುತ್ತವೆ. 2012ರಲ್ಲಿ ಐಐಎಚ್‌ಎಸ್ ಮೂತಿಯ ಮೂಲೆಯ ಕಾಲು ಭಾಗ ಮಾತ್ರ ಗುದ್ದುವ ಹೊಸ ಪರೀಕ್ಷೆ ತಂತು. ಕಂಬಕ್ಕೋ ಮರಕ್ಕೋ ಮೂಲೆ ತಗಲಿದರೆ ಹೇಗೋ ಹಾಗೆ. ಅಲ್ಲಿ ಮುದುಡುವ ತೊಲೆಗಳಿಗೆ ಪೆಟ್ಟೇ ಬೀಳುವುದಿಲ್ಲ, ಚಕ್ರ ನೇರ ಕಾಲಿನ ಹತ್ತಿರ ನುಗ್ಗುತ್ತದೆ. ಮೊದಲ ಸುತ್ತಿನಲ್ಲಿ 11 ಐಷಾರಾಮಿ ಕಾರುಗಳನ್ನು ಗುದ್ದಿಸಿದರು, ಮೂರು ಮಾತ್ರ ಪಾಸು ಅನ್ನುವ ಮಟ್ಟಕ್ಕೆ ಬಂದವು. ಆಮೇಲೆ ಕಂಪನಿಗಳು ಬೇಗ ತಿದ್ದಿಕೊಂಡವು. ಆದರೆ ಕೆಲವು ಕಾರುಗಳಲ್ಲಿ ಡ್ರೈವರ್ ಕಡೆ ಮಾತ್ರ ಗಟ್ಟಿ ಮಾಡಿದ್ದು ಆಮೇಲೆ ಗೊತ್ತಾಯಿತು, ಯಾಕೆಂದರೆ ಪರೀಕ್ಷೆ ಆ ಕಡೆಗೆ ಮಾತ್ರ ಇತ್ತು. ಪಕ್ಕದಲ್ಲಿ ಕೂತವರದ್ದು ಜೀವ ಅಲ್ವಾ? ನನಗೆ ಇದು ಈಗಲೂ ಸಿಟ್ಟು ತರಿಸುತ್ತದೆ.

ಹೆಂಗಸರ ವಿಷಯದಲ್ಲೂ ಹೀಗೇ ಆಗಿದೆ. ಮುಂದಿನ ಡಿಕ್ಕಿಯ ಪರೀಕ್ಷೆಗೆ ಬಹಳ ಕಾಲ ಬಳಸಿದ್ದು 78 ಕಿಲೋ ಆಸುಪಾಸಿನ ಸರಾಸರಿ ಗಂಡಸಿನ ಡಮ್ಮಿ. 2019ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಮೆರಿಕದ ಅಪಘಾತಗಳ ದಾಖಲೆ ತೆಗೆದು ನೋಡಿದಾಗ, ಮುಂದಿನಿಂದ ಆಗುವ ಡಿಕ್ಕಿಯಲ್ಲಿ ಬೆಲ್ಟ್ ಹಾಕಿದ್ದ ಹೆಂಗಸರಿಗೆ ಗಂಭೀರ ಗಾಯವಾಗುವ ಸಂಭವ ಗಂಡಸರಿಗಿಂತ ಶೇ 73ರಷ್ಟು ಜಾಸ್ತಿ ಕಂಡಿತು. ಡ್ರೈವರ್ ಸುರಕ್ಷಿತ ಅನ್ನುವಾಗ ಯಾವ ಡ್ರೈವರ್ ಅಂತಲೂ ಕೇಳಬೇಕು.

ತೂಕವನ್ನೂ ಮರೆಯಬೇಡಿ. ಒಂದೇ ತೂಕದ ಎರಡು ಕಾರು 50ರಲ್ಲಿ ಎದುರುಬದುರು ಗುದ್ದಿದರೆ ಅದು 100ರಲ್ಲಿ ಗೋಡೆಗೆ ಗುದ್ದಿದ ಹಾಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಪ್ಪು, ಪ್ರತಿ ಕಾರಿಗೂ 50ರಲ್ಲಿ ಗೋಡೆಗೆ ಗುದ್ದಿದ ಹಾಗೇ ಆಗುತ್ತದೆ. ಆದರೆ ಒಂದು 1000 ಕಿಲೋ, ಇನ್ನೊಂದು 1500 ಕಿಲೋ ಇದ್ದರೆ, ಹಗುರ ಕಾರನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುವುದರಿಂದ ಅದರ ಪಾಲಿಗೆ ವೇಗದಲ್ಲಿ 60 ಕಿಮೀ ಬದಲಾವಣೆ, ಭಾರದ್ದಕ್ಕೆ 40. ಹಾಗಾಗಿ ಸಣ್ಣ ಕಾರಿನ ಐದು ಸ್ಟಾರನ್ನು ದೊಡ್ಡ ಗಾಡಿಯ ಐದು ಸ್ಟಾರಿನ ಜೊತೆ ಸಮ ಮಾಡಿ ನೋಡಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವೇಗ. ಮುಂದಿನ ಡಿಕ್ಕಿಯ ಪರೀಕ್ಷೆಗಳು ಹೆಚ್ಚಾಗಿ 50ರಿಂದ 64 ಕಿಮೀ ಒಳಗೇ ನಡೆಯುತ್ತವೆ. ಅದಕ್ಕಿಂತ ಮೇಲೆ ಏನಾಗುತ್ತದೆ ಅಂತ ಐಐಎಚ್‌ಎಸ್ ಮತ್ತು ಅಮೆರಿಕದ ಮೋಟಾರು ಸಂಘದ ಸಂಶೋಧನಾ ಸಂಸ್ಥೆ ಎಎಎ ಫೌಂಡೇಶನ್ ಸೇರಿ ನೋಡಿ 2021ರಲ್ಲಿ ಹೇಳಿದವು. ಒಂದೇ ಬಗೆಯ ಮೂರು ಕಾರು, ಎಲ್ಲವೂ 2010ರ ಹೋಂಡಾ ಸಿಆರ್-ವಿ, ಒಳ್ಳೆ ರೇಟಿಂಗ್ ಇದ್ದದ್ದು. 64ರಲ್ಲಿ ಕ್ಯಾಬಿನ್ ಚೆನ್ನಾಗಿ ನಿಂತಿತು. 80ರಲ್ಲಿ ಬಾಗಿಲಿನ ಚೌಕಟ್ಟು, ಡ್ಯಾಶ್‌ಬೋರ್ಡು, ಕಾಲಿಡುವ ಜಾಗ ಎಲ್ಲ ಸೊಟ್ಟಗಾದವು. 90ರಲ್ಲಿ ಡ್ರೈವರ್ ಜಾಗವೇ ಕುಸಿಯಿತು. 64 ಮತ್ತು 90ರ ನಡುವೆ ವ್ಯತ್ಯಾಸ 26 ಮಾತ್ರ, ಆದರೆ ಡಿಕ್ಕಿಯ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು, ಯಾಕೆಂದರೆ ಅದು ವೇಗದ ವರ್ಗದಂತೆ ಏರುತ್ತದೆ. 100ರಲ್ಲಿ ಗೋಡೆ ಸಿಕ್ಕರೆ ಅದು ಹನ್ನೆರಡು ಹದಿಮೂರನೇ ಮಹಡಿಯ ಲೆಕ್ಕ, ಅಲ್ಲಿಗೆ ಸಾಕಾಗುವಷ್ಟು ಉದ್ದದ ಮೂತಿ ಯಾವ ಕಾರಿಗೂ ಇಲ್ಲ. ತಾನಾಗಿಯೇ ಬ್ರೇಕ್ ಹಾಕುವ ಸೌಲಭ್ಯ ಇರುವ ಕಾರನ್ನು ನಾನು ಅದಕ್ಕೇ ಇಷ್ಟಪಡುವುದು. ಡಿಕ್ಕಿ ಪೂರ್ತಿ ತಪ್ಪದಿದ್ದರೂ 80ರಿಂದ 50ಕ್ಕೆ ಇಳಿಸಿದರೆ ಶಕ್ತಿ ಶೇ 40ಕ್ಕಿಂತ ಕಡಿಮೆಗೆ ಇಳಿಯುತ್ತದೆ.

ಪಕ್ಕದಿಂದ ಗುದ್ದಿದರೆ ಕಥೆ ಬೇರೆ. ಅಲ್ಲಿ ಮುದುಡಲು ಜಾಗವೇ ಇಲ್ಲ, ಬಾಗಿಲು ದಾಟಿದರೆ ನೀವೇ. ಪಕ್ಕದ ಏರ್‌ಬ್ಯಾಗು, ಕಿಟಕಿ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗು ಇರುವ ಕಾರನ್ನೇ ಆರಿಸಿ, ಬೇರೆ ಅಲಂಕಾರ ಬಿಟ್ಟರೂ ಪರವಾಗಿಲ್ಲ.

ಕೂರುವ ವಿಷಯಕ್ಕೆ ಬರುತ್ತೇನೆ. ಕೆಳಗಿನ ಬೆಲ್ಟು ಹೊಟ್ಟೆ ಮೇಲೆ ಬೇಡ, ಸೊಂಟದ ಮೂಳೆಗೆ ತಾಗಿರಲಿ. ಸೀಟನ್ನು ಮಲಗುವ ಹಾಗೆ ಹಿಂದಕ್ಕೆ ಬಾಗಿಸಬೇಡಿ, ಡಿಕ್ಕಿಯಲ್ಲಿ ಬೆಲ್ಟಿನ ಕೆಳಗೆ ಜಾರಿಬಿಡುತ್ತೀರಿ. ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಇರಲಿ. ತಲೆಯ ಹಿಂದಿನ ದಿಂಬು ನೆತ್ತಿಯ ಮಟ್ಟಕ್ಕೆ ಬರಲಿ, ಕುತ್ತಿಗೆಗೆ ಒತ್ತು ಕೊಡಲು ಅಂತ ಅದನ್ನು ಕೆಳಗಿಳಿಸಿ ಕೂರುವವರೇ ಜಾಸ್ತಿ. ಪಕ್ಕದಲ್ಲಿ ಕೂತವರು ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚಿದ್ದರೆ ಗಾಡಿ ನಿಲ್ಲಿಸಿ ಇಳಿಸಲು ಹೇಳಿ, ಏರ್‌ಬ್ಯಾಗ್ ಆ ಕಾಲನ್ನು ಸೊಂಟದಿಂದಲೇ ಮುರಿಯಬಹುದು. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು. ಹಾಕದಿದ್ದರೆ ಅವರ ಪೂರ್ತಿ ಭಾರ ನಿಮ್ಮ ಸೀಟಿನ ಬೆನ್ನಿಗೆ ಬಂದು ಬೀಳುತ್ತದೆ, ನೀವು ಬೆಲ್ಟ್ ಹಾಕಿದ್ದರೂ ಅವರ ಮತ್ತು ಸ್ಟೀರಿಂಗಿನ ನಡುವೆ ಸಿಕ್ಕಿಕೊಳ್ಳುತ್ತೀರಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಒಂದು ಎಚ್ಚರ. ಒಮ್ಮೆ ಮುದುಡಿದ ತೊಲೆಯನ್ನು ಬಡಿದು ನೇರ ಮಾಡಿದ್ದರೆ ಅದು ಎರಡನೇ ಸಲ ಲೆಕ್ಕದ ಪ್ರಕಾರ ಮುದುಡುವುದಿಲ್ಲ. ಬಾನೆಟ್ ಎತ್ತಿ ಒಳಗಿನ ತೊಲೆಗಳ ಮೇಲೆ ಹೊಸ ಬೆಸುಗೆ, ಬಣ್ಣದ ವ್ಯತ್ಯಾಸ, ಸುಕ್ಕು ಇದೆಯಾ ನೋಡಿ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಸರಾಗವಾಗಿ ವಾಪಸ್ ಹೋಗುತ್ತದಾ ನೋಡಿ. ಕೀ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಯೇ ಇದ್ದರೆ ದೋಷ ಇದೆ ಅಂತ ಅರ್ಥ. ಹತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು, ಸಿಡಿದ ಏರ್‌ಬ್ಯಾಗನ್ನು ಬದಲಿಸದೆ ದೀಪವನ್ನೇ ಕಿತ್ತಿರಬಹುದು. ಅಂಥ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೊಳ್ಳಬೇಡಿ. ನೀವು ನೋಡುತ್ತಿರುವ ಮಾಡೆಲ್ಲು, ವರ್ಷ ಇಲ್ಲೇ ಕೆಳಗೆ ಬರೆಯಿರಿ, ಅದರಲ್ಲಿ ಯಾವ ಏರ್‌ಬ್ಯಾಗುಗಳಿವೆ, ಯಾವ ವರ್ಷದ ಪರೀಕ್ಷೆಯ ಸ್ಟಾರ್ ಅದು ಅಂತ ಹುಡುಕಿ ಹೇಳುತ್ತೇನೆ.