ವಾಹನ ಪ್ರಶ್ನೋತ್ತರ: ಚಳಿಗೆ ಸ್ಟಾರ್ಟ್ ಆಗದ ಹಳೆಯ ಪಿಕಪ್

ಪ್ರಶ್ನೆ: ನಮ್ಮಲ್ಲಿ 1996ರ ಮಾದರಿಯ, ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್ ಇದೆ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ತೋಟದ ಕೆಲಸಕ್ಕೂ, ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಒಯ್ಯುವುದಕ್ಕೂ ಇದೇ ಆಧಾರ. ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಬೇಗ ಹಿಡಿಯುವುದಿಲ್ಲ. ಹಿಡಿದ ಮೇಲೂ ಕಣ್ಣು ಉರಿಸುವ ಬಿಳಿ ಹೊಗೆ ಬರುತ್ತದೆ, ಇಂಜಿನ್ ಐದು ನಿಮಿಷ ಅದುರುತ್ತದೆ. ಬಿಸಿಯಾದರೆ ಯಾವ ತೊಂದರೆಯೂ ಇಲ್ಲ. ಸ್ಟಾರ್ಟ್ ಮಾಡುವಾಗ ಇಂಜಿನ್ನಿನೊಳಗೆ ಬಿಸಿ ಕೊಡುವ ಹೀಟರ್ ಪ್ಲಗ್ಗುಗಳಲ್ಲಿ ಎರಡನ್ನು ಮಳೆಗಾಲಕ್ಕೆ ಮೊದಲು ಬದಲಿಸಿದ್ದೆವು, ಅದರಲ್ಲಿ ಒಂದು ಮೂರೇ ತಿಂಗಳಲ್ಲಿ ಸುಟ್ಟಿತು. ಈಗ ಮೆಕ್ಯಾನಿಕ್ ಒಬ್ಬರು ಡೀಸೆಲ್ ಪಂಪ್ ಸಡಿಲಿಸಿ ಟೈಮಿಂಗ್ ಅಡ್ವಾನ್ಸ್ ಮಾಡಿದ್ದಾರೆ, ಅಂದರೆ ಡೀಸೆಲ್ ಒಳಬರುವ ಹೊತ್ತನ್ನು ಮುಂದಕ್ಕೆ ತಂದು ಬೇಗ ಬರುವಂತೆ ಮಾಡಿದ್ದಾರೆ. ಸ್ಟಾರ್ಟಿಂಗ್ ತುಸು ಸುಧಾರಿಸಿದೆ, ಆದರೆ ಹುಲಿಕಲ್ ಘಾಟಿ ಹತ್ತುವಾಗ ‘ಟಣ್ ಟಣ್’ ಎಂಬ ಶಬ್ದ ಜೋರಾಗಿದೆ. ಪ್ಲಗ್ ಬದಲಿಸಬೇಕೇ, ಟೈಮಿಂಗ್ ಸರಿಪಡಿಸಬೇಕೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಎರಡೂ ಬೇಕಾಗುತ್ತದೆ. ಆದರೆ ಮೊದಲು ಪ್ಲಗ್, ಆಮೇಲೆ ನಾಜಲ್ (ಡೀಸೆಲ್ ಸಿಂಪಡಿಸುವ ಮೂತಿ), ಕೊನೆಗೆ ಟೈಮಿಂಗ್. ತಮ್ಮ ವಾಹನದಲ್ಲಿ ಈ ಕ್ರಮ ತಲೆಕೆಳಗಾಗಿದೆ ಎಂಬುದೇ ನನ್ನ ಆತಂಕ. ಯಾರೂ ಮುಟ್ಟದ ಪಂಪಿನ ಟೈಮಿಂಗ್ ಒಂದು ಚಳಿಗಾಲದಲ್ಲಿ ತಾನಾಗಿ ಕೆಡುವುದು ಅಪರೂಪ. ಬೋಲ್ಟ್ ಸಡಿಲವಾಗಿರಬೇಕು, ಇಲ್ಲವೇ ಚೈನ್, ಗೇರ್ ಅಥವಾ ಬೆಲ್ಟ್ ಸವೆದಿರಬೇಕು. ಹಾಗಾಗಿದ್ದರೆ ಇಂಜಿನ್ ಬಿಸಿಯಾದ ಮೇಲೂ ಎಳೆತ ಕಡಿಮೆಯಾಗಿರುತ್ತಿತ್ತು. ತಣ್ಣಗಿರುವಾಗ ಮಾತ್ರ ಕಾಡುವ ತೊಂದರೆ ಹೀಟರ್ ಪ್ಲಗ್ಗಿನ ಕಡೆಗೇ ಬೆರಳು ತೋರಿಸುತ್ತದೆ.

ಡೀಸೆಲ್ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಬಿಸಿಯಿಂದ. ತಮ್ಮ ಇಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳದೆ, ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿನೊಳಗಿನ ಒಂದು ಚಿಕ್ಕ ಕೋಣೆಗೆ ಸಿಂಪಡಣೆಯಾಗುತ್ತದೆ. ಡಿಸೆಂಬರಿನ ಮಂಜಿನಲ್ಲಿ ರಾತ್ರಿಯಿಡೀ ತಣಿದ ಆ ಕೋಣೆಯ ಗೋಡೆ ಗಾಳಿಯ ಬಿಸಿಯನ್ನು ಹೀರಿಕೊಂಡುಬಿಡುವುದರಿಂದ, ಹೀಟರ್ ಪ್ಲಗ್ಗಿನ ಕೆಂಪು ಕಾದ ತುದಿ ಇಲ್ಲದೆ ಹೋದರೆ ಡೀಸೆಲ್ ಉರಿಯದೆ ಹಾಗೆಯೇ ಹೊಗೆಯಾಗಿ ಹೊರಬರುತ್ತದೆ. ತಮ್ಮ ಕಣ್ಣು ಉರಿಸುವುದು ಅದೇ.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಪ್ಲಗ್ಗುಗಳ ತಲೆಯನ್ನು ಜೋಡಿಸುವ ಲೋಹದ ಪಟ್ಟಿಯನ್ನು ಬಿಚ್ಚಿ ತೆಗೆಯಿರಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ ತುದಿಗೆ ಹಾಕಿ, ಮೊನೆಯನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿದಾಗ ಬಲ್ಬ್ ಹತ್ತದಿದ್ದರೆ ಆ ಪ್ಲಗ್ ಸತ್ತಿದೆ ಎಂದು ತಿಳಿಯಿರಿ. ಬಲ್ಬ್ ಹತ್ತಿದರೂ ಪ್ಲಗ್ ಚೆನ್ನಾಗಿ ಕಾಯುತ್ತದೆ ಎಂದು ಖಾತ್ರಿಯಿಲ್ಲ. ಕ್ಲಾಂಪ್ ಮೀಟರ್ ಇರುವವರು ಕರೆಂಟ್ ಅಳೆಯಲಿ. ಸಾಮಾನ್ಯ 12 ವೋಲ್ಟ್ ಪೆನ್ಸಿಲ್ ಪ್ಲಗ್ ಕಾದ ಮೇಲೆ ಸುಮಾರು 10 ಆಂಪಿಯರ್ ಎಳೆಯುತ್ತದೆ, ನಾಲ್ಕರಲ್ಲಿ ಒಂದು ಬಹಳ ಕಡಿಮೆ ಎಳೆದರೆ ಅದೂ ಕೆಟ್ಟಂತೆಯೇ. ನಂತರ ಪಟ್ಟಿಯನ್ನು ಮತ್ತೆ ಕೂರಿಸಿ, ಕೀಯನ್ನು ಹೀಟ್‌ಗೆ ತಿರುಗಿಸಿ, ಪಟ್ಟಿಯ ಮೇಲಿನ ವೋಲ್ಟೇಜ್ ನೋಡಿ. ಅದು ಬ್ಯಾಟರಿಯ ವೋಲ್ಟೇಜಿನ ಹತ್ತಿರವೇ ಇರಬೇಕು. ಬ್ಯಾಟರಿಯಲ್ಲಿ 12 ಇದ್ದು ಪಟ್ಟಿಯಲ್ಲಿ 9 ಕಂಡರೆ ದೋಷ ರಿಲೇಯಲ್ಲೋ (ಪ್ಲಗ್ಗುಗಳಿಗೆ ಕರೆಂಟ್ ಬಿಡುವ ಸ್ವಿಚ್) ವೈರಿನಲ್ಲೋ ಇರುತ್ತದೆ. ನಮ್ಮ ಕಡೆಯ ಮಳೆಗಾಲ ಮುಗಿಯುವಷ್ಟರಲ್ಲಿ ರಿಲೇ ಟರ್ಮಿನಲ್ಲುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಉಪ್ಪುಕಾಗದದಿಂದ ಉಜ್ಜಿ ಬಿಗಿಗೊಳಿಸಿದ ಮಾತ್ರಕ್ಕೇ ಎಷ್ಟೋ ವಾಹನಗಳು ಸರಿಹೋಗಿರುವುದನ್ನು ಕಂಡಿದ್ದೇನೆ.

ಇನ್ನು ಮೂರು ತಿಂಗಳಲ್ಲಿ ಸುಟ್ಟ ಆ ಪ್ಲಗ್. ಅದನ್ನು ಎಸೆಯದಿದ್ದರೆ ಬೆಳಕಿಗೆ ಹಿಡಿದು ನೋಡಿ. ಆಯುಷ್ಯ ಮುಗಿದು ಸತ್ತ ಪ್ಲಗ್ಗಿನ ತುದಿ ನೇರವಾಗಿ, ನಯವಾಗಿ, ಒಣ ಮಸಿಯ ಬಣ್ಣದಲ್ಲಿರುತ್ತದೆ. ತುದಿ ಊದಿಕೊಂಡು ಬಿರುಕು ಬಿಟ್ಟಿದ್ದರೆ ಪ್ಲಗ್‌ಗೆ ಕರೆಂಟ್ ಹೆಚ್ಚು ಹೊತ್ತು ಹರಿದಿದೆ ಎಂದರ್ಥ. ಆಗ ಇಂಜಿನ್ ಸ್ಟಾರ್ಟ್ ಆದ ಮೇಲೂ ರಿಲೇ ಅಂಟಿಕೊಂಡೇ ಇದೆಯೇ ಎಂದು ನೋಡಬೇಕು. ತುದಿ ಉರಿದ ಮೇಣದ ಬತ್ತಿಯಂತೆ ಕರಗಿ ಸವೆದಿದ್ದರೆ ಆ ಸಿಲಿಂಡರಿನ ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು, ಅಥವಾ ಟೈಮಿಂಗ್ ತೀರ ಮುಂದಿರಬಹುದು. ಇಂಥ ಕಡೆ ಹೊಸ ಪ್ಲಗ್ ಹಾಕುತ್ತಾ ಹೋದರೆ ದುಡ್ಡು ದಂಡ. ಮುರಿದ ತುದಿ ಒಳಗೆ ಬಿದ್ದರೆ ಪಿಸ್ಟನ್ನಿಗೂ ಪೆಟ್ಟು.

ಆದ್ದರಿಂದ ನಾಲ್ಕೂ ನಾಜಲ್ಲುಗಳನ್ನು ಬಿಚ್ಚಿಸಿ, ಪಂಪ್ ನಾಜಲ್ ಕೆಲಸ ಮಾಡುವ ಅಂಗಡಿಯಲ್ಲಿ ಟೆಸ್ಟರಿಗೆ ಹಾಕಿಸಿ, ಎದುರಿಗೆ ನಿಂತು ನೋಡಿ. ಡೀಸೆಲ್ ಮಂಜಿನಂತೆ ಚಿಮ್ಮಿ ಥಟ್ಟನೆ ನಿಲ್ಲಬೇಕು, ತುದಿಯಲ್ಲಿ ಹನಿ ಉಳಿಯಬಾರದು. ಆ ಸಿಂಪಡಣೆಗೆ ಕೈ ಒಡ್ಡಲೇಬೇಡಿ, ಅದು ಚರ್ಮವನ್ನು ಸೀಳಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ.

ಇಷ್ಟಾದ ಮೇಲೆ ಟೈಮಿಂಗ್. ಅಡ್ವಾನ್ಸ್ ಹೆಚ್ಚಾದಾಗ ಡೀಸೆಲ್ ಬೇಕಾದುದಕ್ಕಿಂತ ಮೊದಲೇ ಒಳಬಂದು, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒಮ್ಮೆಲೇ ಉರಿದು ಪೆಟ್ಟು ಕೊಡುತ್ತದೆ. ಘಾಟಿಯಲ್ಲಿ ಕೇಳುವ ಶಬ್ದ ಅದರದ್ದೇ ಇರಬೇಕು. ಅದನ್ನು ಹಾಗೆಯೇ ಬಿಟ್ಟು ಮೂಟೆ ಹೇರಿ ಓಡಿಸಿದರೆ ಹೆಡ್ ಗ್ಯಾಸ್ಕೆಟ್, ಪಿಸ್ಟನ್, ಬೇರಿಂಗ್ ಎಲ್ಲಕ್ಕೂ ಕೇಡು. ರಿಟಾರ್ಡ್ ಹೆಚ್ಚಾದರೆ, ಅಂದರೆ ಡೀಸೆಲ್ ತಡವಾಗಿ ಬಂದರೆ, ಎಳೆತ ಕುಗ್ಗುತ್ತದೆ, ಇಂಜಿನ್ ಹೆಚ್ಚು ಕಾಯುತ್ತದೆ, ಬಿಸಿಯಾದ ಮೇಲೂ ಹೊಗೆ ಉಳಿಯುತ್ತದೆ. ತಮ್ಮದು ರೋಟರಿ ಪಂಪ್ ಆಗಿದ್ದರೆ ಅದರ ತಲೆಯ ನಡುವಿನ ಸ್ಕ್ರೂ ತೆಗೆದು ಡಯಲ್ ಗೇಜ್ ಕೂರಿಸಿ, ಒಳಗೆ ಡೀಸೆಲ್ಲನ್ನು ಒತ್ತುವ ಪ್ಲಂಜರ್ ಎಷ್ಟು ಎದ್ದಿದೆ ಎಂಬುದನ್ನು ಅಳೆದು, ತಯಾರಕರ ಕೈಪಿಡಿಯ ಅಳತೆಗೇ ನಿಲ್ಲಿಸಬೇಕು. ಇಲ್ಲಿ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗವೂ ಲೆಕ್ಕಕ್ಕೆ ಬರುವುದರಿಂದ, ಕಿವಿಯಿಂದ ಕೇಳಿ ಪಂಪ್ ತಿರುಗಿಸುವುದನ್ನು ನಾನು ಒಪ್ಪುವುದಿಲ್ಲ. ಉದ್ದನೆಯ ಇನ್‌ಲೈನ್ ಪಂಪಿಗೆ ಬೇರೆ ಕ್ರಮವಿದೆ. ಮೊದಲ ಸಿಲಿಂಡರಿನ ಡೆಲಿವರಿ ವಾಲ್ವ್ ಬಿಚ್ಚಿ, ಬಾಗಿದ ಕೊಳವೆ ಸಿಕ್ಕಿಸಿ, ಇಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಡೀಸೆಲ್ಲಿನ ಧಾರೆ ಹನಿಗೆ ಇಳಿಯುವ ಕ್ಷಣವನ್ನು ಫ್ಲೈವ್ಹೀಲಿನ ಗುರುತಿನೊಂದಿಗೆ ಹೋಲಿಸಬೇಕು.

ಇನ್ನೊಂದು ಮಾತು. ನಮ್ಮಲ್ಲಿ ಅನೇಕರು ರಾತ್ರಿ ವಾಹನವನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಗೇರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುತ್ತಾರೆ. ಇದರಿಂದ ಹೀಟರ್ ಪ್ಲಗ್ ಸತ್ತು ತಿಂಗಳಾದರೂ ಗೊತ್ತಾಗುವುದೇ ಇಲ್ಲ. ಹಳೆಯ ಪ್ಲಗ್ ಬಿಚ್ಚುವಾಗಲೂ ಅವಸರ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಇಂಜಿನ್ ಬೆಚ್ಚಗಿರುವಾಗ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಪ್ಲಗ್ ಹೆಡ್ಡಿನಲ್ಲಿ ಮುರಿದರೆ ಹೆಡ್ಡನ್ನೇ ಇಳಿಸಬೇಕಾಗಬಹುದು.

ಪ್ರಶ್ನೆ: ನಮ್ಮ ಹಳೆಯ ದೊಡ್ಡ ಲಾರಿಗೆ ಹೀಟರ್ ಪ್ಲಗ್ಗೇ ಇಲ್ಲ. ಚಳಿಗೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಫಿಲ್ಟರಿನ ಬಾಯಿಗೆ ಹಿಡಿಯುತ್ತೇವೆ. ತಪ್ಪೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಪ್ಪು, ಅಪಾಯವೂ ಹೌದು. ಪೆಟ್ರೋಲಿನ ಆವಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ರಿಂಗ್ ಮುರಿಯಬಹುದು, ಹಿಡಿದವರ ಕೈಗೂ ಬೆಂಕಿ ತಗುಲಬಹುದು. ಹೀಟರ್ ಪ್ಲಗ್ ಇರುವ ವಾಹನಕ್ಕಂತೂ ಈಥರ್ ಸ್ಪ್ರೇಯಾಗಲಿ ಪೆಟ್ರೋಲಾಗಲಿ ತೋರಿಸಲೇಬಾರದು. ಡೀಸೆಲ್ ನೇರ ಪಿಸ್ಟನ್ ಮೇಲೆ ಸಿಂಪಡಣೆಯಾಗುವ ಇಂಜಿನ್ನುಗಳು ನಮ್ಮ ಚಳಿಗೆ ಪ್ಲಗ್ ಇಲ್ಲದೆಯೇ ಹಿಡಿಯಬೇಕು. ಹಿಡಿಯುತ್ತಿಲ್ಲವೆಂದರೆ ಮೊದಲು ಬ್ಯಾಟರಿ ಮತ್ತು ಸೆಲ್ಫ್ ಇಂಜಿನ್ನನ್ನು ಚುರುಕಾಗಿ ತಿರುಗಿಸುತ್ತಿವೆಯೇ ನೋಡಿ. ಆಮೇಲೆ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಎಳೆಯುವ ಚಿಕ್ಕ ಪಂಪ್) ಒತ್ತಿ. ರಾತ್ರಿ ನಿಲ್ಲಿಸಿದ ಲಾರಿಯಲ್ಲಿ ಬೆಳಿಗ್ಗೆ ಪ್ರೈಮರ್ ಬಿಗಿಯಾಗಲು ಹತ್ತಿಪ್ಪತ್ತು ಸಲ ಒತ್ತಬೇಕಾದರೆ ಎಲ್ಲೋ ಒಂದು ಕಡೆ ಗಾಳಿ ನುಸುಳುತ್ತಿದೆ. ಟ್ಯಾಂಕಿನಿಂದ ಬರುವ ಪೈಪಿನ ಯೂನಿಯನ್ ಮತ್ತು ಅದರ ವಾಷರುಗಳನ್ನು ಬದಲಿಸಿ ನೋಡಿ.