ಒಂದೇ ಬಗೆಯ ಫೋನು, ಗಳಿಕೆಯಲ್ಲೇಕೆ ಇಷ್ಟು ಅಂತರ?

ಪ್ರಶ್ನೆ: ಕಲಬುರಗಿ ಜಿಲ್ಲೆಯ ಆಳಂದ ಕಡೆಯವನಾದ ನಾನು ಬಹುಕಾಲದಿಂದ ಪುಣೆಯಲ್ಲಿ ನೆಲೆಸಿದ್ದೇನೆ. ಮಗಳು ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿದ್ದಾಳೆ. ಊರಿನಲ್ಲಿ ತೊಗರಿ ಬೆಳೆಯುವ ತಮ್ಮನೂ ಸ್ಮಾರ್ಟ್‌ಫೋನಿನಲ್ಲೇ ಪೇಟೆ ಧಾರಣೆ ನೋಡುತ್ತಾನೆ. ಆದರೂ ಎರಡು ಮನೆಗಳ ಆದಾಯದ ಅಂತರ ಹಿಗ್ಗುತ್ತಲೇ ಇದೆ. ಡಿಜಿಟಲ್ ತಂತ್ರಜ್ಞಾನವು ಪ್ರದೇಶಗಳ ನಡುವಿನ ಅಸಮಾನತೆಯನ್ನು ತಗ್ಗಿಸುತ್ತದೆ ಎಂಬುದು ಬರೀ ಮಾತೇ?
— ಓದುಗರೊಬ್ಬರು, ಪಿಂಪ್ರಿ

ಉತ್ತರ: ಬರೀ ಮಾತಲ್ಲ, ಆದರೆ ಸುದ್ದಿ ತಿಳಿಯದೆ ನಷ್ಟವಾಗುತ್ತಿದ್ದ ಕಡೆ ಮಾತ್ರ ಅದು ನಿಜ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದಾಗ, ಬೂತಾಯಿ ಮೀನು ಹಿಡಿಯುವವರು ದೋಣಿಯಿಂದಲೇ ಬೆಲೆ ವಿಚಾರಿಸಿ ಯಾವ ದಡಕ್ಕೆ ಹೋಗಬೇಕೆಂದು ನಿರ್ಧರಿಸತೊಡಗಿದರು. ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತು, ಅವರ ಲಾಭ ಶೇ 8ರಷ್ಟು ಏರಿತು, ಗಿರಾಕಿಗೆ ಬೆಲೆಯೂ ಶೇ 4ರಷ್ಟು ಇಳಿಯಿತು ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ.

ತೊಗರಿಯ ಕಥೆ ಬೇರೆ. ಬಿತ್ತನೆಯ ಹೊತ್ತಿಗೆ ಅಡತಿಯಲ್ಲಿ (ದಲಾಲಿ ಅಂಗಡಿಯಲ್ಲಿ) ಮುಂಗಡ ಪಡೆದ ರೈತ, ರಾಶಿಯಾದ ಮೇಲೆ ಸೊಲ್ಲಾಪುರದಲ್ಲಿ ಹೆಚ್ಚಿನ ಬೆಲೆಯಿದೆಯೆಂದು ಫೋನಿನಲ್ಲಿ ಕಂಡರೂ, ಚೀಲ ಇಳಿಸಬೇಕಾದದ್ದು ಅದೇ ಅಡತಿಯ ಮುಂದೆ. ಕರ್ನಾಟಕವು 2014ರಿಂದ ಎಪಿಎಂಸಿಗಳನ್ನು ಏಕೀಕೃತ ಆನ್‌ಲೈನ್ ಮಾರುಕಟ್ಟೆಗೆ ಜೋಡಿಸಿದ ಪರಿಣಾಮವನ್ನು ಅಳೆದ ಸಂಶೋಧಕರಿಗೆ ಭತ್ತದ ಧಾರಣೆಯಲ್ಲಿ ಶೇ 5.1, ಶೇಂಗಾದಲ್ಲಿ ಶೇ 3.6, ಮೆಕ್ಕೆಜೋಳದಲ್ಲಿ ಶೇ 3.5ರಷ್ಟು ಏರಿಕೆ ಕಂಡಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಕಾಣಲಿಲ್ಲ. ನಿಮ್ಮ ತಮ್ಮನಿಗೆ ಇದು ಹೊಸ ಸುದ್ದಿಯೇನೂ ಆಗಿರಲಾರದು.

ಇನ್ನು ನಿಮ್ಮ ಮಗಳ ಸಂಬಳ. ಸಾಫ್ಟ್‌ವೇರನ್ನು ಕೂತಲ್ಲಿಂದಲೇ ವಿದೇಶಕ್ಕೆ ಕಳಿಸಬಹುದು, ಹಾಗಿರುವಾಗ ಅದನ್ನು ಆಳಂದದಲ್ಲೂ ಬರೆಯಬಹುದಲ್ಲ ಎನಿಸುವುದು ಸಹಜ. ಆದರೆ ಕಂಪನಿಗಳು ಎಂಜಿನಿಯರುಗಳು ಹೇರಳವಾಗಿರುವ ಊರನ್ನೂ, ಎಂಜಿನಿಯರುಗಳು ಕಂಪನಿಗಳು ಹೆಚ್ಚಿರುವ ಊರನ್ನೂ ಹುಡುಕುತ್ತಾರೆ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳು ಆರಂಭವಾದಾಗ ಬೆಂಗಳೂರು, ಪುಣೆಗಳು ಮೊದಲ ಸಾಲಿನಲ್ಲಿದ್ದವು. ಕಾಲೇಜು, ಕಾರ್ಖಾನೆಗಳು ಅಲ್ಲಿ ಮೊದಲೇ ಇದ್ದವು. ತಡವಾಗಿ ಬಂದ ಇಂಟರ್ನೆಟ್ ಕೇಬಲ್ ಈ ಮುನ್ನಡೆಯನ್ನು ಅಳಿಸಲಾರದು. ಕೇಬಲ್ ಬಂದಲ್ಲಿಯೂ ಎಲ್ಲರ ಕೈಗೆ ಅದು ಎಟುಕಿಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಎಂದಾದರೂ ಇಂಟರ್ನೆಟ್ ಬಳಸಿದ ಮಹಿಳೆಯರ ಪ್ರಮಾಣ ನಗರಗಳಲ್ಲಿ ಶೇ 51.8 ಇದ್ದರೆ ಹಳ್ಳಿಗಳಲ್ಲಿ ಕೇವಲ ಶೇ 24.6.

ಪುಣೆಯ ಕಟ್ಟಡ ಕೆಲಸದಲ್ಲಿರುವ ನಮ್ಮವರು ಈಗ ಯುಪಿಐ ಮೂಲಕ ಕ್ಷಣದಲ್ಲಿ ಊರಿಗೆ ಹಣ ಕಳಿಸುತ್ತಾರೆ. ಇದು ದೊಡ್ಡ ಅನುಕೂಲವೇ ಸರಿ; ಆದರೆ ಆ ಹಣ ಗಳಿಕೆಯಾದದ್ದು ಪುಣೆಯಲ್ಲಿ, ಊರಿನ ಹೊಲದಲ್ಲಲ್ಲ.

ನಿಮ್ಮ ತಮ್ಮನಿಗೆ ಧಾರಣೆ ತೋರಿಸುವ ಆ್ಯಪಿಗಿಂತ ಹೆಚ್ಚಿನ ಉಪಯೋಗಕ್ಕೆ ಬರುವುದು ಉಗ್ರಾಣದ ವಿದ್ಯುನ್ಮಾನ ರಸೀದಿ. ನೋಂದಾಯಿತ ಗೋದಾಮಿನಲ್ಲಿ ತೊಗರಿಯಿಟ್ಟು, ಆ ರಸೀದಿಯನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆಯಬಹುದು. ರಾಶಿಯ ವಾರದಲ್ಲೇ ಮಾರುವ ಒತ್ತಡ ಆಗ ಕಡಿಮೆಯಾಗುತ್ತದೆ. ಹತ್ತಿರದಲ್ಲಿ ಅಂಥ ಗೋದಾಮು ಇದೆಯೇ ಎಂದು ಮೊದಲು ವಿಚಾರಿಸಲು ಹೇಳಿ.